ಮನಿಲಾದಾಚೆಯ ಹಾಡುಗಳು

ಫಿಲಿಪೀನ್ಸಿನಲ್ಲಿ ಕ್ರಿಸ್‌ಮಸ್ ಹಾಡುಗಳು ಸೆಪ್ಟೆಂಬರ್ ತಿಂಗಳಲ್ಲಿಯೇ ಕೇಳಿಬರಲು ತೊಡಗುತ್ತವೆ. ಅಂಗಡಿಗಳಲ್ಲಿ, ಶಾಲೆಗಳಲ್ಲಿ, ಮನೆಮನೆಗೆ ಹಾಡುತ್ತ ಬರುವ ಮಕ್ಕಳ ಬಾಯಲ್ಲಿ ಕೇಳುವ ಆ ಹಾಡುಗಳ ಪೈಕಿ ಎಲ್ಲರಿಗೂ ಬಾಯಿಪಾಠವಾಗಿರುವ ಒಂದು ಹಾಡೆಂದರೆ ‘ಅಂಗ್ ಪಾಸ್ಕೊ ಆಯ್ ಸುಮಾಪಿತ್’. ರಾಜಧಾನಿ ಮನಿಲಾ ಮತ್ತು ಅದರ ಸುತ್ತಲಿನ ಟಗಾಲೊಗ್ ಭಾಷೆಯ ಈ ಹಾಡಿನ ಸಾಹಿತ್ಯವನ್ನು ಬರೆದವರು 1997ರಲ್ಲಿ ರಾಷ್ಟ್ರೀಯ ಕಲಾವಿದ ಎಂಬ ಗೌರವ ಪಡೆದ ಲೆವಿ ಸೆಲೆರಿಯೊ. ಆದರೆ ಅದರ ಧಾಟಿ ಹುಟ್ಟಿದ್ದು ಟಗಾಲೊಗ್ ನಾಡಿನಲ್ಲಲ್ಲ. 1933ರಲ್ಲಿ ದೇಶದ ನಡುಭಾಗದ ಸೆಬು ದ್ವೀಪದ ವಿಸೆಂತೆ ರುಬಿ ರಾಗ ಸಂಯೋಜಿಸಿ, ಮರಿಯಾನೊ ವೆಸ್ತಿಲ್ ಸೆಬುವಾನೊ ಭಾಷೆಯಲ್ಲಿ ಸಾಹಿತ್ಯ ಬರೆದ ‘ಕಸಾದ್ಯಾ ನಿಂಗ್ ತಕ್ನಾಅ’ ಎಂಬ ಹಾಡೇ ಅದರ ಮೂಲ. ಸೆಬುವಿನಲ್ಲಿ ಇಂದಿಗೂ ಮೂಲದ ಮಾತುಗಳಲ್ಲಿಯೇ ಅದನ್ನು ಹಾಡುತ್ತಾರೆ. ದೇಶದ ಉಳಿದ ಭಾಗಕ್ಕೆ ಮಾತ್ರ ಅದು ಹುಟ್ಟಿನಿಂದಲೇ ಟಗಾಲೊಗ್ ಹಾಡು.

ಆ ದೇಶದ ಜನಪ್ರಿಯ ಸಂಗೀತದಲ್ಲಿ ಭಾಷೆಗಳ ಸ್ಥಿತಿಗತಿಯನ್ನು ತಿಳಿಯಲು ಈ ಒಂದು ಹಾಡಿನ ಚರಿತ್ರೆಯೇ ಒಳ್ಳೆಯ ಪೀಠಿಕೆಯೆಂದು ನನಗೆ ಅನ್ನಿಸುತ್ತದೆ. ಸುಮಾರು 7,600 ದ್ವೀಪಗಳು, 170ಕ್ಕೂ ಹೆಚ್ಚು ಭಾಷೆಗಳು ಇರುವ ದೇಶವದು. ಗಾಯಕರು, ಸಂಯೋಜಕರು, ವಾದ್ಯಗಳು, ಧಾಟಿಗಳು ಎಲ್ಲ ದಿಕ್ಕುಗಳಿಂದಲೂ ರಾಜಧಾನಿಯತ್ತ ಹರಿದುಬಂದಿವೆ. ಭಾಷೆಗಳು ಮಾತ್ರ ಅಷ್ಟು ಸುಲಭವಾಗಿ ಬಂದಿಲ್ಲ. ಬಹುಕಾಲದವರೆಗೆ ಟಗಾಲೊಗ್ ಅಲ್ಲದ ಸ್ಥಳೀಯ ಭಾಷೆಯೊಂದಕ್ಕೆ ರಾಷ್ಟ್ರೀಯ ಮಾರುಕಟ್ಟೆಯೊಳಗೆ ಎರಡೇ ಬಾಗಿಲುಗಳು ತೆರೆದಿದ್ದವು. ಒಂದು ಜಾನಪದದ ಬಾಗಿಲು, ಇನ್ನೊಂದು ನಗೆಯದು. ಇಂದಿನ ಯುವಕ ಯುವತಿಯರ ಸಾಮಾನ್ಯ ಪ್ರೇಮ, ಸಾಮಾನ್ಯ ಬೇಸರ, ಸಾಮಾನ್ಯ ಸಿಟ್ಟನ್ನು ಗಂಭೀರವಾಗಿ ಹೇಳುವ ಹಾಡು ಬೇಕೆಂದರೆ ಅದು ಟಗಾಲೊಗ್‌ನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕಿತ್ತು. ಆ ಪರಿಸ್ಥಿತಿ ಹೇಗೆ ಬಂತು, ಈಚೆಗೆ ಎಷ್ಟರಮಟ್ಟಿಗೆ ಬದಲಾಗಿದೆ ಎಂಬುದನ್ನು ನಾನು ಕೇಳಿದ ಹಾಡುಗಳ ಆಧಾರದಿಂದಲೇ ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಮೊದಲು ಒಂದು ಅಂಕಿಅಂಶ. 2020ರ ಜನಗಣತಿಯ ಪ್ರಕಾರ ಮನೆಯಲ್ಲಿ ಟಗಾಲೊಗ್ ಮಾತನಾಡುವ ಕುಟುಂಬಗಳು ಸುಮಾರು ಶೇ. 40ರಷ್ಟಿವೆ. ಬಿಸಾಯ ಎಂದು ಬರೆಸಿದವು ಶೇ. 16ರಷ್ಟು, ಹಿಲಿಗೈನೊನ್ ಮತ್ತು ಇಲೊಕಾನೊ ತಲಾ ಶೇ. 7ರ ಆಸುಪಾಸು; ಸೆಬುವಾನೊ ಎಂದು ಬರೆಸಿದವು ಶೇ. 6.5. ಬಿಸಾಯ ಎಂದು ಹೇಳಿಕೊಳ್ಳುವವರಲ್ಲಿ ಬಹುಪಾಲು ಜನರು ಆಡುವುದು ಸೆಬುವಾನೊ ಭಾಷೆಯನ್ನೇ ಆಗಿರುವುದರಿಂದ ಈ ಎರಡು ಸಂಖ್ಯೆಗಳನ್ನು ಕೂಡಿಸಿ ನೋಡುವುದು ಹೆಚ್ಚು ಸರಿ. ಹಾಗೆ ಕೂಡಿಸಿದರೆ ಐದರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳ ಭಾಷೆ ಅದು. ಮಧ್ಯದ ವಿಸಾಯಸ್ ದ್ವೀಪಗಳಲ್ಲಿ ಮಾತ್ರವಲ್ಲದೆ, ದಕ್ಷಿಣದ ಮಿಂದನಾವೊ ದ್ವೀಪದ ಬಹುಭಾಗದಲ್ಲಿಯೂ ಪೇಟೆ-ಬೀದಿಯ ಮಾತು ಅದೇ. ಆದ್ದರಿಂದ ಇದನ್ನು ‘ಸಣ್ಣ ಭಾಷೆ’ಯ ಅಳಲೆಂದು ಓದಿಕೊಳ್ಳುವುದು ತಪ್ಪಾಗುತ್ತದೆ. ಕೋಟಿಗಟ್ಟಲೆ ಜನರು ಆಡುವ ಭಾಷೆಗೇ ತನ್ನ ದೇಶದ ಪಾಪ್ ಸಂಗೀತದಲ್ಲಿ ಗಂಭೀರವಾದ ಸ್ಥಾನ ಸಿಗಲು 21ನೆಯ ಶತಮಾನದವರೆಗೆ ಕಾಯಬೇಕಾಯಿತು ಎಂಬುದು ಇಲ್ಲಿನ ವಿಚಾರ.

ಇದಕ್ಕೆ ರಾಜಕೀಯ ಕಾರಣವೂ ಇದೆ, ವ್ಯಾಪಾರದ ಕಾರಣವೂ ಇದೆ. 1937ರಲ್ಲಿ ಅಧ್ಯಕ್ಷ ಮಾನುಯೆಲ್ ಕೆಸೊನ್ ಅವರು ಟಗಾಲೊಗ್ ಅನ್ನು ರಾಷ್ಟ್ರಭಾಷೆಯ ತಳಹದಿಯೆಂದು ಘೋಷಿಸಿದರು. 1959ರಲ್ಲಿ ಅದಕ್ಕೆ ಪಿಲಿಪಿನೊ ಎಂದೂ 1987ರ ಸಂವಿಧಾನದಲ್ಲಿ ಫಿಲಿಪಿನೊ ಎಂದೂ ಹೆಸರಾಯಿತು. ಶಾಲೆಯ ಪಾಠ, ಸಿನಿಮಾ, ದೂರದರ್ಶನಗಳ ಮೂಲಕ ಆ ಭಾಷೆ ದೇಶಕ್ಕೆಲ್ಲ ಅರ್ಥವಾಗುವಂತಾಯಿತು. ಧ್ವನಿಮುದ್ರಣ ಕಂಪನಿಗಳು, ದೊಡ್ಡ ರೇಡಿಯೊ ಜಾಲಗಳು, ಟಿವಿ ಸ್ಟುಡಿಯೊಗಳು ಎಲ್ಲವೂ ಮನಿಲಾ ಮಹಾನಗರದಲ್ಲಿಯೇ ಕೇಂದ್ರೀಕೃತವಾಗಿದ್ದವು. ಅಂಥ ಉದ್ಯಮದ ದೃಷ್ಟಿಯಿಂದ ಟಗಾಲೊಗ್ ಹಾಡನ್ನು ಇಡೀ ದೇಶಕ್ಕೆ ಮಾರಬಹುದು, ಇಲೊಕಾನೊ ಹಾಡನ್ನು ಲುಜಾನ್ ದ್ವೀಪದ ಉತ್ತರ ಭಾಗಕ್ಕೆ ಮಾತ್ರ ಮಾರಬಹುದು. ಲೆಕ್ಕ ಅಷ್ಟು ಸರಳವಾಗಿತ್ತು.

1970ರ ದಶಕದಲ್ಲಿ ‘ಮನಿಲಾ ಸೌಂಡ್’ ಎಂಬ ಹೆಸರಿನಲ್ಲಿ ಹೊಸ ಪಾಪ್ ಸಂಗೀತ ಬಂದಾಗ ಅದರ ಹೆಸರೇ ಅದರ ಊರನ್ನು ಸಾರುತ್ತಿತ್ತು. ಹಾಟ್‌ಡಾಗ್ ಮುಂತಾದ ತಂಡಗಳು ಟಗಾಲೊಗ್ ಮತ್ತು ಇಂಗ್ಲಿಷ್ ಬೆರೆಸಿದ ನಗರದ ಆಡುಮಾತಿನಲ್ಲಿ ಹಾಡಿದವು. ಬಳಿಕ ‘ಒರಿಜಿನಲ್ ಪಿಲಿಪಿನೊ ಮ್ಯೂಸಿಕ್’, ಅಂದರೆ ಓಪಿಎಂ ಎಂಬ ಹೆಸರು ನೆಲೆಯೂರಿತು. ಅಮೆರಿಕದ ಹಾಡುಗಳ ಎದುರು ಸ್ವದೇಶದ ಹಾಡು ಎಂಬ ಹೆಮ್ಮೆ ಅದರಲ್ಲಿತ್ತು, ಮತ್ತು ಆ ಹೆಮ್ಮೆ ಸಕಾರಣವಾದದ್ದೇ. 1987ರಲ್ಲಿ ಅಧ್ಯಕ್ಷೆ ಕೊರಾಸೊನ್ ಅಕಿನೊ ಅವರು ಹೊರಡಿಸಿದ 255ನೆಯ ಸಂಖ್ಯೆಯ ಕಾರ್ಯಾದೇಶವು ಸಂಗೀತ ಪ್ರಸಾರ ಮಾಡುವ ರೇಡಿಯೊ ಕೇಂದ್ರಗಳು ಗಂಟೆಗೆ ಕನಿಷ್ಠ 4 ಸ್ವದೇಶಿ ಹಾಡುಗಳನ್ನು ಹಾಕಬೇಕೆಂದು ವಿಧಿಸಿತು. ಆ ಆದೇಶದ ಮಾತುಗಳು ಉದಾರವಾಗಿವೆ: ರಚಿಸಿದವರು ಫಿಲಿಪೀನ್ಸಿನವರಾಗಿದ್ದರೆ ಸಾಕು, ಹಾಡಿನ ಭಾಷೆ ಯಾವುದಾದರೂ ಸರಿ. ಆದರೆ ಆ ಔದಾರ್ಯದಿಂದ ಪ್ರಾಂತೀಯ ಭಾಷೆಗಳಿಗೆ ವಿಶೇಷ ಲಾಭವಾಗಲಿಲ್ಲ. ಭಾಷಾವಾರು ಪಾಲು ಎಂಬುದೇನೂ ಇಲ್ಲದಿದ್ದುದರಿಂದ 4 ಹಾಡುಗಳೂ ಟಗಾಲೊಗ್ ಆಗಿರಬಹುದಿತ್ತು, ಅಥವಾ ಫಿಲಿಪೀನ್ಸಿನವರು ಇಂಗ್ಲಿಷಿನಲ್ಲಿ ಬರೆದವಾಗಿರಬಹುದಿತ್ತು. ಅಮೆರಿಕದ ಎದುರು ಕಟ್ಟಿದ ಗೋಡೆಯದು. ದೇಶದೊಳಗಿನ ಏರುತಗ್ಗುಗಳನ್ನು ಸರಿಪಡಿಸುವುದು ಅದರ ಉದ್ದೇಶವೇ ಆಗಿರಲಿಲ್ಲ.

ಜಾನಪದದ ಬಾಗಿಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಿಕೋಲ್ ಭಾಷೆಯ ‘ಸಾರುಂಗ್ ಬಂಗಿ’, ಕಪಂಪಾಂಗನ್ ಭಾಷೆಯ ‘ಆತಿನ್ ಕು ಪುಂಗ್ ಸಿಂಗ್ಸಿಂಗ್’, ಇಲೊಕಾನೊದ ‘ಪಮುಲಿನಾವೆನ್’, ಹಿಲಿಗೈನೊನ್‌ನ ‘ದಂದನ್ಸೊಯ್’ ಮುಂತಾದ ಹಾಡುಗಳನ್ನು ಶಾಲಾ ವೃಂದಗಾನಗಳಲ್ಲಿ ಎಲ್ಲರೂ ಹಾಡಿರುತ್ತಾರೆ. ಇವುಗಳಲ್ಲಿ ‘ಸಾರುಂಗ್ ಬಂಗಿ’ಯನ್ನು ಜನಪದ ಗೀತೆಯೆಂದು ಕರೆಯುವುದೇ ಅನ್ಯಾಯ, ಅಲ್ಬಾಯ್ ಪ್ರಾಂತ್ಯದ ಪೊತೆನ್ಸಿಯಾನೊ ಗ್ರೆಗೊರಿಯೊ 1910ರ ಸುಮಾರಿಗೆ ರಚಿಸಿದ ಪ್ರೇಮಗೀತೆ ಅದು. ಟಗಾಲೊಗ್‌ನಲ್ಲಿ ಕುಂದಿಮಾನ್ ಎಂಬ ಪ್ರಕಾರದ ಪ್ರೇಮಗೀತೆ ಬರೆದವರಿಗೆ ಸಂಯೋಜಕರೆಂಬ ಹೆಸರು ಉಳಿಯಿತು. ಇತರ ಭಾಷೆಗಳಲ್ಲಿ ಅದೇ ಬಗೆಯ ಕೆಲಸ ಮಾಡಿದವರ ಕೃತಿಗಳು ಮಾತ್ರ ಊರಿನ ಆಸ್ತಿಯಾಗಿ, ರಚಿಸಿದವರ ಹೆಸರು ಮಸುಕಾಯಿತು.

ಈ ಬಾಗಿಲಿನಲ್ಲಿ ಘನತೆಯಿಂದ ನಿಂತವರು ಇಲ್ಲವೆಂದಲ್ಲ. 2025ರಲ್ಲಿ ತೀರಿಕೊಂಡ ಪಿಲಿತಾ ಕೊರಾಲೆಸ್ ಸೆಬುವಿನವರು. ಇಂಗ್ಲಿಷ್, ಸ್ಪ್ಯಾನಿಷ್, ಟಗಾಲೊಗ್ ಹಾಡುಗಳಿಂದ ಖ್ಯಾತರಾದರೂ ‘ಮತುದ್ ನಿಲಾ’, ‘ಉಸಾಹಾಯ್’ ಮುಂತಾದ ಸೆಬುವಾನೊ ಗೀತೆಗಳನ್ನು ಅವರು ಎಂದೂ ಬಿಟ್ಟುಕೊಡಲಿಲ್ಲ. ‘ವಿಸಾಯನ್ ಹಾಡುಗಳ ರಾಣಿ’ ಎಂದೇ ಹೆಸರಾದ ಸುಸಾನ್ ಫುವೆಂತೆಸ್ ಅವರ ಧ್ವನಿಯಲ್ಲಿ ‘ಮಿಸ್ ಕಿತಾ ಕೊನ್ ತಕಿಪ್ಸಿಲಿಮ್’ ಕೇಳಿದಾಗ ನನಗೆ ಆಶ್ಚರ್ಯವಾದದ್ದು ಅದರ ಸರಳತೆಯ ಬಗ್ಗೆ. ಸಂಜೆಯ ಹೊತ್ತಿನ ಅಗಲಿಕೆಯನ್ನು ಹೇಳುವ ಆ ಹಾಡಿನಲ್ಲಿ ಜಾನಪದದ ಅಲಂಕಾರವೇನೂ ಇಲ್ಲ. ಅದು ತನ್ನ ಕಾಲದ ಪಾಪ್ ಹಾಡು. ದಕ್ಷಿಣದವರು ಅದನ್ನು ಹಾಗೆಯೇ ಕೇಳಿದರು. ಮನಿಲಾಕ್ಕೆ ಮಾತ್ರ ಅದು ‘ಪ್ರಾಂತ್ಯದ ಹಾಡು’.

ನಗೆಯ ಬಾಗಿಲಿನ ಕತೆ ಹೆಚ್ಚು ಸ್ವಾರಸ್ಯಕರ. ಬೊಹೋಲ್ ದ್ವೀಪದ ಕಲಾಪೆ ಎಂಬ ಊರಿನ ಯೊಯೊಯ್ ವಿಲ್ಯಾಮೆ ಬಸ್ಸು ಮತ್ತು ಜೀಪ್ನಿ (ಜೀಪಿನ ಮಾದರಿಯ ಬಾಡಿಗೆ ವಾಹನ) ಚಾಲಕರಾಗಿದ್ದವರು. ಇತರ ಚಾಲಕರನ್ನು ಕೂಡಿಸಿಕೊಂಡು ತಂತಿವಾದ್ಯಗಳ ರೊಂದಾಲ್ಯಾ ತಂಡ ಕಟ್ಟಿ ಹಾಡತೊಡಗಿದರು. 1970ರ ದಶಕದಲ್ಲಿ ಅವರ ‘ಮಗೆಲನ್’ ಹಾಡು ದೇಶವನ್ನೆಲ್ಲ ನಗಿಸಿತು. 1521ರಲ್ಲಿ ಸ್ಪೇನಿನ ಪರವಾಗಿ ನಾವಿಕ ಮಗೆಲನ್ ಬಂದಿಳಿದದ್ದು, ಮಕ್ತಾನ್ ದ್ವೀಪದಲ್ಲಿ ಸ್ಥಳೀಯ ನಾಯಕ ಲಾಪು-ಲಾಪುವಿನ ಕಡೆಯವರ ಕೈಯಲ್ಲಿ ಸತ್ತದ್ದು, ಇವೆಲ್ಲವನ್ನೂ ಬಿಸಾಯ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಶಾಲಾ ಹುಡುಗನ ಪಾಠ ಒಪ್ಪಿಸುವ ಧಾಟಿಯಲ್ಲಿ ಹಾಡುತ್ತಾರೆ. ನಗು ಹುಟ್ಟುವುದು ಅರ್ಧ ಆ ಉಚ್ಚಾರಣೆಯಿಂದ. ಮನಿಲಾದ ಸಿನಿಮಾ-ಟಿವಿಗಳಲ್ಲಿ ಬಿಸಾಯ ಉಚ್ಚಾರಣೆಯೆಂದರೆ ಮನೆಗೆಲಸದವಳ, ಪೇಟೆಗೆ ಹೊಸದಾಗಿ ಬಂದ ಪೆದ್ದನ ಗುರುತಾಗಿತ್ತು ಎಂಬುದನ್ನು ನೆನೆದರೆ, ಆ ನಗುವಿನೊಳಗೆ ಅವಹೇಳನವೂ ಇತ್ತೆಂದು ಒಪ್ಪಿಕೊಳ್ಳಲೇಬೇಕು. ಆದರೆ ಹಾಡನ್ನು ಗಮನವಿಟ್ಟು ಕೇಳಿದರೆ ಬೇರೊಂದು ಸಂಗತಿ ಕಾಣುತ್ತದೆ. ಮಕ್ತಾನ್ ಇರುವುದು ಸೆಬುವಿನ ಪಕ್ಕದಲ್ಲಿ. ಆ ಕಾಳಗ ವಿಸಾಯಸ್‌ನವರ ಮನೆಯಂಗಳದ ಇತಿಹಾಸ. ವಸಾಹತುಶಾಹಿಯ ಆರಂಭವನ್ನು ಅದು ನಡೆದ ನೆಲದವರೊಬ್ಬರು, ತಮ್ಮದೇ ನಾಲಗೆಯ ವರಸೆಯಲ್ಲಿ, ಪಠ್ಯಪುಸ್ತಕದ ಗಾಂಭೀರ್ಯವನ್ನು ಗೇಲಿ ಮಾಡುತ್ತ ಹೇಳುತ್ತಿದ್ದಾರೆ. ಯಾರು ಯಾರನ್ನು ನೋಡಿ ನಗುತ್ತಿದ್ದರು ಎಂಬುದು ಅಷ್ಟು ಸುಲಭವಾಗಿ ತೀರ್ಮಾನವಾಗುವ ಪ್ರಶ್ನೆಯಲ್ಲ.

ವಿಲ್ಯಾಮೆ ಹಾಗೂ ಅವರ ಜೊತೆಗಾರ ಮ್ಯಾಕ್ಸ್ ಸುರ್ಬನ್ ಸೆಬುವಾನೊದಲ್ಲಿ ಹಾಡಿದ ಹಾಡುಗಳು ಬೇರೆಯೇ ಇವೆ. ಕುಡಿತ, ಸಾಲ, ಅತ್ತೆ-ಅಳಿಯ, ನೆರೆಮನೆಯ ಜಗಳಗಳ ಬಗ್ಗೆ ತಮ್ಮವರಿಗಾಗಿಯೇ ಹಾಡಿದ ಅವುಗಳಲ್ಲಿ ಉಚ್ಚಾರಣೆಯ ಹಾಸ್ಯಕ್ಕೆ ಕೆಲಸವಿಲ್ಲ, ಏಕೆಂದರೆ ಅಲ್ಲಿ ಎಲ್ಲರದೂ ಅದೇ ಉಚ್ಚಾರಣೆ. 2007ರಲ್ಲಿ ವಿಲ್ಯಾಮೆ ತೀರಿಕೊಂಡಾಗ ದೇಶ ನೆನೆದದ್ದು ಹಾಸ್ಯಗಾರನನ್ನು. ಅವರ ಸೆಬುವಾನೊ ಹಾಡುಗಳ ಕಡೆಗೆ ಇನ್ನಷ್ಟು ಗಮನ ಹರಿಯಬೇಕಿತ್ತು.

ತಮ್ಮ ಭಾಷೆಯನ್ನು ಹಿಂದೆ ಬಿಟ್ಟು ಗಾಯಕರು, ವಾದ್ಯಗಳು ಮಾತ್ರ ಬಂದ ಉದಾಹರಣೆಗಳೂ ಉಂಟು. 1978ರ ಮನಿಲಾ ಸಂಗೀತ ಸ್ಪರ್ಧೆಯ ಅಂತಿಮ ಸುತ್ತಿಗೆ ಬಂದು ಮುಂದೆ ಹಲವು ದೇಶಗಳ ಭಾಷೆಗಳಲ್ಲಿ ಹಾಡಲ್ಪಟ್ಟ ‘ಅನಾಕ್’ನ ಗಾಯಕ ಫ್ರೆಡ್ಡಿ ಅಗಿಲಾರ್ ಇಸಾಬೆಲಾ ಪ್ರಾಂತ್ಯದವರು, ಹಾಡು ಟಗಾಲೊಗ್‌ನಲ್ಲಿತ್ತು. ಅದೇ ದಶಕದ ‘ಆಸಿನ್’ ತಂಡ ಮಿಂದನಾವೊದ ಕೊತಬಾತೊ ಸೀಮೆಯ ಹಿಂಸಾಚಾರವನ್ನು ಕುರಿತು ಮನಕಲಕುವಂತೆ ಹಾಡಿತು, ಅದೂ ಟಗಾಲೊಗ್‌ನಲ್ಲಿಯೇ. 1980ರ ದಶಕದಲ್ಲಿ ದವಾವೊ ಕಡೆಯಿಂದ ಬಂದ ಜೋಯಿ ಅಯಾಲ ಮತ್ತು ಅವರ ‘ಬಾಗೊಂಗ್ ಲುಮಾದ್’ ತಂಡ ತ್ಬೋಲಿ ಜನರ ಎರಡು ತಂತಿಯ ಹೆಗಾಲೊಂಗ್, ಬಾಯಲ್ಲಿ ಹಿಡಿದು ನುಡಿಸುವ ಕುಬಿಂಗ್, ಸಾಲಾಗಿ ಜೋಡಿಸಿದ ಕಂಚಿನ ಜಾಗಟೆಗಳ ಕುಲಿಂತಾಂಗ್‌ಗಳನ್ನು ಗಿಟಾರಿನ ಜೊತೆಗೆ ಕೂರಿಸಿದರು. ಆ ನಾದ ಅಪೂರ್ವವಾದದ್ದು. ಆದರೆ ಆ ವಾದ್ಯಗಳನ್ನು ನುಡಿಸುವ ಸಮುದಾಯಗಳ ಭಾಷೆಗಳು ಅವರ ಪ್ರಸಿದ್ಧ ಹಾಡುಗಳಲ್ಲಿ ವಿರಳ. ಅವರ ಬಳಿಕ ಬಂದ ಅಗುಸಾನ್ ಕಣಿವೆಯ ಗ್ರೇಸ್ ನೊನೊ ಈ ಕೊರತೆಯನ್ನು ಬೇರೆ ರೀತಿಯಲ್ಲಿ ಎದುರಿಸಿದರು: ಹಿರಿಯ ಹಾಡುಗಾರರ ಬಳಿ ಹೋಗಿ ಕಲಿತು, ಅವರ ಹಾಡುಗಳನ್ನು ಅವರದೇ ಭಾಷೆಗಳಲ್ಲಿ ಹಾಡಿದರು. ಅದಕ್ಕೆ ಕೇಳುಗರು ಕಡಿಮೆ, ಮೌಲ್ಯ ಹೆಚ್ಚು.

ನಿಜವಾದ ತಿರುವು ಸೆಬುವಿನಲ್ಲಿ 2000ದ ನಂತರ ಬಂತೆಂದು ನನ್ನ ಎಣಿಕೆ. ಆ ಹೊತ್ತಿಗೆ ಆ ನಗರದಲ್ಲಿ ಬಲವಾದ ರಾಕ್ ಪರಂಪರೆಯಿತ್ತು, ಆದರೆ ಅರ್ಬನ್‌ಡಬ್‌ನಂಥ ಪ್ರಮುಖ ತಂಡಗಳು ಹಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಸೆಬುವಿನ ವಿದ್ಯಾವಂತ ಯುವಕರಿಗೆ ಟಗಾಲೊಗ್‌ಗಿಂತ ಇಂಗ್ಲಿಷ್ ಹತ್ತಿರವೆನ್ನಿಸುತ್ತಿದ್ದುದಕ್ಕೆ ಮನಿಲಾದ ಬಗೆಗಿನ ಹಳೆಯ ಮುನಿಸೂ ಕಾರಣವಿರಬಹುದು. ಅಂಥ ಸಮಯದಲ್ಲಿ ‘ಮಿಸ್ಸಿಂಗ್ ಫಿಲೆಮೊನ್’ ಎಂಬ ತಂಡ ಸೆಬುವಾನೊದಲ್ಲಿ ರಾಕ್ ಹಾಡತೊಡಗಿತು. ಫಿಲೆಮೊನ್ ಎಂಬಾತ ವಿಸಾಯಸ್‌ನ ಮಕ್ಕಳಿಗೆಲ್ಲ ಗೊತ್ತಿರುವ ಜನಪದ ಗೀತೆಯ ಬಡ ಬೆಸ್ತ. ಕಡಲಿಗೆ ಹೋಗಿ ಒಂದು ಕ್ಷುಲ್ಲಕ ಮೀನು ಹಿಡಿದು, ಹಾಳು ಬಿದ್ದ ಸಂತೆಯಲ್ಲಿ ಮಾರಿ, ಬಂದ ಪುಡಿಗಾಸಿನಲ್ಲಿ ತೆಂಗಿನ ಸೇಂದಿ ಕುಡಿಯುವವನು. ಆ ಹೆಸರನ್ನು ಇಟ್ಟುಕೊಂಡ ತಂಡವು ಜಾನಪದದ ಬಾಗಿಲನ್ನೂ ನಗೆಯ ಬಾಗಿಲನ್ನೂ ಬಲ್ಲದು, ಆದರೆ ಎರಡರಲ್ಲೂ ನಿಂತುಬಿಡುವುದಿಲ್ಲ. ಸಿನಿಮಾ ಮಂದಿರ, ಸುತ್ತಾಟ, ಬಡತನ, ಒಲವು, ಎಲ್ಲವೂ ಆ ಹಾಡುಗಳಲ್ಲಿ ಸೆಬುವಿನ ಬೀದಿಯ ಮಾತಿನಲ್ಲಿಯೇ ಬರುತ್ತವೆ. ಆ ನಗರದ ಆಡುಮಾತಿನಲ್ಲಿ ಪದದ ನಡುವಿನ ಲಕಾರ ಬಿದ್ದುಹೋಗಿ ಎರಡು ಅಕ್ಷರದ್ದು ಒಂದಾಗುವುದರಿಂದ ಸಾಲುಗಳಿಗೆ ಒಂದು ಬಿಗಿ ಬರುತ್ತದೆ. ಡ್ರಮ್ಮಿನ ಪೆಟ್ಟಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಬಿಸಾಯ ರಾಕ್ ಎಂಬರ್ಥದ ‘ಬಿಸ್‌ರಾಕ್’ ಎಂಬ ಹೆಸರು ಹುಟ್ಟಿಕೊಂಡಿತು. ಕೆಲವು ತಂಡಗಳು ಅಶ್ಲೀಲ ಹಾಡುಗಳನ್ನು ಬರೆದು ಆ ಹೆಸರಿಗೆ ಮಸಿ ಬಳಿದವೆಂಬ ದೂರು ಅಲ್ಲಿಯವರಲ್ಲೇ ಇದೆ. ಜಮೈಕಾ ಮೂಲದ ರೆಗ್ಗೆ ಮತ್ತು ಡಬ್ ಶೈಲಿಯಲ್ಲಿ ಸೆಬುವಾನೊ ಹಾಡಿದ ‘ಜೂನಿಯರ್ ಕಿಲಾತ್’ ಅದೇ ಕಾಲದ್ದು, ನನ್ನ ಮಟ್ಟಿಗೆ ಆ ಅಲೆಯ ಅತ್ಯಂತ ಸ್ವಚ್ಛಂದ ಧ್ವನಿ ಅದು.

2013ರಲ್ಲಿ ಸೆಬುವಿನಲ್ಲಿಯೇ ‘ವಿಸ್‌ಪಾಪ್’ ಎಂಬ ಗೀತರಚನಾ ಸ್ಪರ್ಧೆ ಆರಂಭವಾಯಿತು. ಬಿಸ್‌ರಾಕ್ ಬೀದಿಯಿಂದ ಬಂದದ್ದಾದರೆ ಇದು ಯೋಜನೆ ಹಾಕಿ ನಡೆಸಿದ ಪ್ರಯತ್ನ. ಸೆಬುವಾನೊದಲ್ಲಿ ನಯವಾದ, ಮಧುರವಾದ, ರೇಡಿಯೊದಲ್ಲಿ ಯಾವ ಸಂಕೋಚವೂ ಇಲ್ಲದೆ ಹಾಕಬಹುದಾದ ಪಾಪ್ ಹಾಡುಗಳನ್ನು ಬರೆಸುವುದು ಅದರ ಗುರಿ. ಮಾರ್ಟಿನಾ ಸಾನ್ ದಿಯೆಗೊ ಮತ್ತು ಕೈಲ್ ವಾಂಗ್ ಹಾಡಿರುವ ‘ಬಲಾಯ್ ನಿ ಮಾಯಂಗ್’ ಕೇಳಿದರೆ ಅದರ ಸ್ವರೂಪ ತಿಳಿಯುತ್ತದೆ. ಇಲ್ಲಿ ಹಾಸ್ಯವಿದ್ದರೂ ಅದು ಹಾಡಿನೊಳಗಿನ ಇಬ್ಬರ ನಡುವಿನ ಹಾಸ್ಯ, ಭಾಷೆಯನ್ನು ಕುರಿತ ಹಾಸ್ಯವಲ್ಲ. ಈ ಹಾಡುಗಳು ಕೆಲವೊಮ್ಮೆ ಅತಿಯಾಗಿ ಸಕ್ಕರೆ ಬೆರೆಸಿದಂತೆ ಅನ್ನಿಸುವುದುಂಟು. ಆದರೂ ಒಂದು ಭಾಷೆಗೆ ಶ್ರೇಷ್ಠ ಹಾಡುಗಳಷ್ಟೇ ಅಲ್ಲ, ಸಾಧಾರಣ ಮಟ್ಟದ ಪ್ರೇಮಗೀತೆಗಳೂ ಹೇರಳವಾಗಿ ಬೇಕು. 2018ರ ಫಿಲ್‌ಪಾಪ್ ಎಂಬ ರಾಷ್ಟ್ರಮಟ್ಟದ ಗೀತರಚನಾ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಫರ್ಡಿನಾಂಡ್ ಅರಗೊನ್ ಅವರ ಸೆಬುವಾನೊ ಹಾಡು ‘ದಿ ಕೊ ಮನ್’, ಡೇವಿ ಲಾಂಗಿತ್ ಅವರ ಇಲೊಕಾನೊ ಹಾಡು ‘ಇದ್ಜಾಯ್’ ಎರಡೂ ಇದ್ದವು ಎಂಬುದು ಈ ಕೆಲಸದ ಪರಿಣಾಮ ಸೆಬುವಿನಾಚೆಗೂ ತಲುಪಿದ್ದರ ಕುರುಹು.

ಸೆಬುವಿಗಿಂತ ಬಹಳ ಸಣ್ಣ ನೆಲೆಯಿಂದಲೂ ಒಂದು ಹಾಡು ದೇಶವನ್ನು ಗೆದ್ದುಕೊಂಡಿತ್ತು. ಮಿಂದನಾವೊದ ಪಶ್ಚಿಮ ತುದಿಯ ಜಾಂಬೊವಾಂಗಾ ನಗರದಲ್ಲಿ ಸ್ಪ್ಯಾನಿಷ್ ಬೇರಿನ ಚಬಕಾನೊ ಎಂಬ ಮಿಶ್ರಭಾಷೆಯಿದೆ. ಅಲ್ಲಿನ ‘ಮಾಲ್ದಿತಾ’ ತಂಡದ ‘ಪೊರ್ಕೆ’ ಎಂಬ ವಿರಹಗೀತೆ ಸುಮಾರು 2010ರ ಹೊತ್ತಿಗೆ ಮನಿಲಾದ ರೇಡಿಯೊಗಳಲ್ಲೂ ಮೊಳಗಿತು. ಚಬಕಾನೊ ಪದಗಳಲ್ಲಿ ಹಲವು ಟಗಾಲೊಗ್ ಕಿವಿಗೂ ಅರೆಬರೆ ಪರಿಚಿತವಾದ ಸ್ಪ್ಯಾನಿಷ್ ಪದಗಳೇ ಆದ್ದರಿಂದ ಆ ಹಾಡಿಗೆ ದಾರಿ ಸುಗಮವಾಯಿತೆಂದು ಊಹಿಸಬಹುದು. ಪಂಪಾಂಗಾ ಪ್ರಾಂತ್ಯದಲ್ಲಿ ಹೋಲಿ ಏಂಜೆಲ್ ವಿಶ್ವವಿದ್ಯಾಲಯದ ಕಪಂಪಾಂಗನ್ ಅಧ್ಯಯನ ಕೇಂದ್ರವು ಸ್ಥಳೀಯ ತಂಡಗಳಿಂದ ಕಪಂಪಾಂಗನ್ ಭಾಷೆಯ ರಾಕ್ ಹಾಡುಗಳನ್ನು ಮಾಡಿಸಿ ಹೊರತಂದಿತು. ವಿಶ್ವವಿದ್ಯಾಲಯವೊಂದು ರಾಕ್ ತಂಡಗಳ ಬೆನ್ನಿಗೆ ನಿಂತದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಉತ್ತರದ ಕೊರ್ದಿಲ್ಯೇರಾ ಬೆಟ್ಟಗಳ ಕತೆ ಇವೆಲ್ಲಕ್ಕಿಂತ ಭಿನ್ನ. ಬಾಗಿಯೊ ನಗರ ಅಮೆರಿಕನ್ ಆಳ್ವಿಕೆಯವರು ಕಟ್ಟಿದ ಗಿರಿಧಾಮ. ಅಲ್ಲಿನ ಕ್ಯಾಂಪ್ ಜಾನ್ ಹೇ 1991ರವರೆಗೆ ಅಮೆರಿಕನ್ ಸೇನೆಯ ವಿಶ್ರಾಂತಿ ತಾಣವಾಗಿತ್ತು. ಅಮೆರಿಕನ್ನರ ಒಡನಾಟದಿಂದ ಬೆಟ್ಟದ ಜನರಿಗೆ ಕಂಟ್ರಿ ಸಂಗೀತದ ಹುಚ್ಚು ಹಿಡಿಯಿತು. ಕೌಬಾಯ್ ಟೋಪಿ, ಬೂಟು ಧರಿಸಿ, ಕಂಕನಾಯ್ ಅಥವಾ ಇಬಲೋಯ್ ಭಾಷೆಯಲ್ಲಿ ಹೊಲ, ಮನೆ, ಗಣಿಕೆಲಸದ ಬಗ್ಗೆ ಹಾಡುವ ಗಾಯಕರು ಬೆಂಗೆತ್ ಪ್ರಾಂತ್ಯದಲ್ಲಿ ಇಂದಿಗೂ ಇದ್ದಾರೆ. ಅದೇ ಬೆಟ್ಟಗಳಲ್ಲಿ, ಚಿಕೊ ನದಿಯ ಅಣೆಕಟ್ಟಿನ ವಿರುದ್ಧ ನಡೆದ ಹೋರಾಟದ ಕಾಲದಲ್ಲಿ ಸಲಿದುಮಾಯ್ ಎಂಬ ಹಳೆಯ ಹಾಡಿನ ಪ್ರಕಾರ ಪ್ರತಿಭಟನೆಯ ಹಾಡಾಗಿ ಹೊಸ ಜೀವ ಪಡೆಯಿತು. ಹೊರಗಿನವರ ಕಣ್ಣಿಗೆ ಎರಡನೆಯದು ‘ಅಸಲಿ’, ಮೊದಲನೆಯದು ‘ನಕಲಿ’. ಬೆಟ್ಟದವರು ಎರಡನ್ನೂ ತಮ್ಮದೆಂದೇ ಹಾಡುತ್ತಾರೆ. ಅವರಿಗಿಲ್ಲದ ತಕರಾರು ಹೊರಗಿನವರಿಗೆ ಏಕೆ?

ದವಾವೊ ನಗರದ ‘ಬುದೊತ್ಸ್’ ಎಂಬ ಸಂಗೀತವಾದರೋ ಭಾಷೆಯ ಸಮಸ್ಯೆಯನ್ನೇ ಬದಿಗೆ ಸರಿಸಿತು. ಡಿಜೆ ಲವ್ ಎಂಬ ಹೆಸರಿನ ಕಲಾವಿದ ಅಗ್ಗದ ಕಂಪ್ಯೂಟರ್ ತಂತ್ರಾಂಶದಲ್ಲಿ ತಯಾರಿಸಿದ, ವೇಗದ ಬಡಿತ ಮತ್ತು ಕೀಚಲು ದನಿಗಳ ಈ ಕುಣಿತದ ಸಂಗೀತದಲ್ಲಿ ಸಾಹಿತ್ಯವೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೀದಿ ಹುಡುಗರ ಕುಣಿತವೆಂದು ಹೀಗಳೆಯಲ್ಪಟ್ಟಿದ್ದ ಅದು ಅಂತರ್ಜಾಲದ ವಿಡಿಯೊಗಳ ಮೂಲಕ ದೇಶಕ್ಕೆಲ್ಲ ಹರಡಿತು. 2019ರ ಸೆನೆಟ್ ಚುನಾವಣೆಯಲ್ಲಿ ನಟ-ರಾಜಕಾರಣಿ ಬಾಂಗ್ ರೆವಿಲ್ಯಾ ಪ್ರಚಾರದ ಜಾಹೀರಾತಿನಲ್ಲಿ ಅದಕ್ಕೆ ಕುಣಿದರು, ಗೆದ್ದರು. ಮಿಂದನಾವೊದ ನೆಲದಿಂದ ಬಂದ ಸಂಗೀತಕ್ಕೆ ಇಷ್ಟು ದೊಡ್ಡ ಪ್ರಸಾರ ಸಿಕ್ಕಿದ್ದು ಅದರಲ್ಲಿ ಮಾತಿಲ್ಲದಿದ್ದುದರಿಂದಲೇ ಇರಬಹುದೇ ಎಂಬ ಸಂದೇಹ ನನ್ನನ್ನು ಬಿಟ್ಟಿಲ್ಲ. ಸುಲು ದ್ವೀಪಗಳ ತೌಸುಗ್ ಭಾಷೆಯ ‘ದಾಯಂಗ್ ದಾಯಂಗ್’ ಹಿಂದೊಮ್ಮೆ ದೇಶದೆಲ್ಲೆಡೆ ಕೇಳಿಬಂದಾಗಲೂ ಜನರು ಕುಣಿದದ್ದು ಲಯಕ್ಕೆ.

2021ರ ಫೆಬ್ರವರಿ 14ರಂದು ‘ಕೆಬೈ’ ಹಾಡಿನೊಂದಿಗೆ ಬಂದ ‘ಅಲಾಮಾತ್’ ಎಂಬ ಯುವಕರ ಪಾಪ್ ತಂಡ ಈ ಇಡೀ ಚರ್ಚೆಯನ್ನು ವೇದಿಕೆಯ ಮೇಲೇ ತಂದು ನಿಲ್ಲಿಸಿತು. ಬೇರೆ ಬೇರೆ ಪ್ರಾಂತ್ಯಗಳಿಂದ ಆಯ್ದ ಸದಸ್ಯರು; ಒಂದೇ ಹಾಡಿನಲ್ಲಿ ಟಗಾಲೊಗ್, ಇಲೊಕಾನೊ, ಕಪಂಪಾಂಗನ್, ಸೆಬುವಾನೊ, ಹಿಲಿಗೈನೊನ್, ಬಿಕೋಲ್, ವಾರಾಯ್ ಎಂಬ 7 ಭಾಷೆಗಳು. ಪೂರ್ವ ವಿಸಾಯಸ್‌ನ ವಾರಾಯ್ ಭಾಷೆಯ ಸಾಲೊಂದು ಮನಿಲಾದ ದೊಡ್ಡ ಕಂಪನಿಯ ಪಾಪ್ ಹಾಡಿನಲ್ಲಿ ಯಾವ ತಮಾಷೆಯೂ ಇಲ್ಲದೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೂ ನನಗೊಂದು ಅಸಮಾಧಾನವಿದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು ಹಂಚಿದಾಗ ಭಾಷೆಗಳು ವಸ್ತುಪ್ರದರ್ಶನದ ಮಳಿಗೆಗಳಂತೆ ಕಾಣತೊಡಗುತ್ತವೆ; ಯಾವ ಭಾಷೆಗೂ ಒಂದು ಭಾವವನ್ನು ಬೆಳೆಸಿ ಮುಗಿಸುವಷ್ಟು ಸ್ಥಳ ಸಿಗುವುದಿಲ್ಲ. ಎಸ್‌ಬಿ19 ಎಂಬ ಜನಪ್ರಿಯ ಪಾಪ್ ತಂಡದ ಸದಸ್ಯ, ಜಾಂಬೊವಾಂಗಾ ದೆಲ್ ಸುರ್ ಪ್ರಾಂತ್ಯದ ಫೆಲಿಪ್, ತಮ್ಮ ಏಕಾಂಗಿ ಗೀತೆ ‘ಕನಾಕೊ’ವನ್ನು ಬಿಸಾಯದಲ್ಲಿ ಹಾಡಿದಾಗ ಪ್ರದರ್ಶನದ ಆ ಭಾವ ಇರಲಿಲ್ಲ. ಮಿಂದನಾವೊದ ಬೇರುಗಳಿರುವ ‘ಮೊರೊಬೀಟ್ಸ್’ ಬಳಗದ ರ‍್ಯಾಪ್ ಹಾಡುಗಳಲ್ಲಿ ತೌಸುಗ್, ಚಬಕಾನೊ, ಟಗಾಲೊಗ್ ಬೆರೆಯುವುದೂ ಹಾಗೆಯೇ ಸಹಜ. ಆ ಊರುಗಳ ಜನರು ದಿನನಿತ್ಯ ಮಾತನಾಡುವುದೇ ಹಾಗೆ.

ಶಾಲೆಯ ವಿಚಾರವನ್ನು ಬಿಟ್ಟರೆ ಈ ಚಿತ್ರ ಅಪೂರ್ಣವಾಗುತ್ತದೆ. 2012ರಿಂದ ಫಿಲಿಪೀನ್ಸಿನ ಸರ್ಕಾರಿ ಶಾಲೆಗಳಲ್ಲಿ 3ನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಪಾಠ ಹೇಳುವ ವ್ಯವಸ್ಥೆ ಜಾರಿಗೆ ಬಂತು. ಮೊದಲು 12 ಭಾಷೆಗಳಿಗೆ, ಬಳಿಕ 19ಕ್ಕೆ ಅದು ವಿಸ್ತರಿಸಿತು. ಪಠ್ಯಪುಸ್ತಕಗಳ ಕೊರತೆ, ಶಿಕ್ಷಕರ ತರಬೇತಿಯ ಕೊರತೆಗಳ ದೂರು ಮೊದಲಿನಿಂದಲೂ ಇತ್ತು. 2024ರ ಅಕ್ಟೋಬರಿನಲ್ಲಿ ಬಂದ 12027ನೆಯ ಕಾಯ್ದೆ ಆ ಕಡ್ಡಾಯವನ್ನು ತೆಗೆದು, ಬೋಧನಾ ಭಾಷೆಯನ್ನು ಮತ್ತೆ ಫಿಲಿಪಿನೊ ಮತ್ತು ಇಂಗ್ಲಿಷ್‌ಗೆ ಒಪ್ಪಿಸಿತು. ಹೀಗೆ ವಾರಾಯ್, ಹಿಲಿಗೈನೊನ್, ಇಲೊಕಾನೊಗಳನ್ನು ಶಾಲೆಯಲ್ಲಿ ಓದಿ ಬರೆದು ಕಲಿತ ಮಕ್ಕಳ ಸಾಲು 12 ವರ್ಷಗಳಷ್ಟೇ ಉದ್ದದ್ದು. ಅವರಲ್ಲಿ ಮೊದಲು ಶಾಲೆಗೆ ಸೇರಿದವರಿಗೆ ಈಗ ಇಪ್ಪತ್ತರ ಹತ್ತಿರದ ವಯಸ್ಸು, ಅಂದರೆ ತಂಡ ಕಟ್ಟುವ, ಮೊದಲ ಹಾಡು ಬರೆದು ಯೂಟ್ಯೂಬಿಗೆ ಹಾಕುವ ವಯಸ್ಸು. ಸೆಬುವಾನೊ ಹಾಡುಗಳು ಇನ್ನು ಯಾರ ನೆರವೂ ಇಲ್ಲದೆ ಬೆಳೆಯಬಲ್ಲವು, ಅದರ ಕೇಳುಗರ ಸಂಖ್ಯೆಯೇ ಅಷ್ಟಿದೆ. ವಾರಾಯ್ ಮತ್ತು ಬಿಕೋಲ್ ಭಾಷೆಗಳಲ್ಲಿ ಇಡೀ ಆಲ್ಬಮ್ ಬರೆಯುವವರು ಬರಬೇಕಾದರೆ ಈ ಸಾಲಿನಿಂದಲೇ ಬರಬೇಕು.